ಮಲಗಿದ ಬಾಗಿಲು

ಸಂತೆಪೇಟೆಯ ಗುಜರಿಯಲ್ಲಿ ಗೋಡೆಗೊರಗಿ ನಿಂತಿತ್ತು
ಕೆಡವಿದ ಯಾವುದೋ ಲಾಡ್ಜಿನ ಬಾಗಿಲು.
ಹಲಸಿನ ಮರ. ಎದೆಮಟ್ಟಕ್ಕೆ ಬಿಳಿ ಬಣ್ಣದಲ್ಲಿ
ನಂಬರು ನಾಲ್ಕು.
ಸಾವಿರದ ನೂರು ಅಂದರು ಇಲಿಯಾಸ್ ಸಾಬರು.
ಚಿಲಕವಿಲ್ಲ, ಬೀಗದ ಜಾಗದಲ್ಲಿ ತೂತು,
ಎಂಟುನೂರು ಅಂದೆ.
'ಯಾವ ರೂಮಿಗಮ್ಮಾ?'
ರೂಮಿಲ್ಲ, ಬರೀ ಬಾಗಿಲು ಸಾಕು.
ಐವತ್ತು ಇಳಿಸಿದರು, ಮತ್ತೆ ನೂರು.
ಕೊನೆಗೆ ಪಾಪ ಅನ್ನಿಸಿತೋ ಏನೋ,
ಆಟೋದ ನೆತ್ತಿಗೆ ತಾವೇ ಹಗ್ಗ ಬಿಗಿದರು.

ಹತ್ತು ವರ್ಷದಿಂದ ಕಂಡವರ ಮನೆ ಬರೆಯುತ್ತೇನೆ.
ಮೂವತ್ತು ನಲವತ್ತರ ಸೈಟಿನಲ್ಲಿ
ಆಗ್ನೇಯಕ್ಕೆ ಒಲೆ, ಈಶಾನ್ಯಕ್ಕೆ ದೇವರು,
ಬೇಡವೆಂದರೂ ಮೆಟ್ಟಿಲ ಕೆಳಗೆ ಕಕ್ಕಸು.
ಸಹಿ ಇಂಜಿನಿಯರದು, ಗೆರೆ ನನ್ನದು,
ಚದರಡಿಗೆ ಇಷ್ಟು ಪೈಸೆ.
ಯಾರೂ ಕೇಳದಿದ್ದರೂ ಪ್ರತಿ ನಕ್ಷೆಗೂ ಒಂದು ಕೋಣೆ ಸೇರಿಸುತ್ತೇನೆ:
ಎಂಟಕ್ಕೆ ಏಳು, ಉತ್ತರಕ್ಕೆ ಕಿಟಕಿ, 'ಓದುವ ಕೋಣೆ'.
ಮೊದಲ ತಿದ್ದುಪಡಿಗೇ ಹೊರಟುಹೋಗುತ್ತದೆ.
ಸಾಲಗಾಮೆ ರಸ್ತೆಯವರಿಗೆ ಕಾರು ನಿಲ್ಲಬೇಕು,
ಹೇಮಾವತಿ ನಗರದವರಿಗೆ ಹಾಲು ಸಾಲದು.
ಒಬ್ಬರು ಉಳಿಸಿಕೊಂಡರು. ಗೃಹಪ್ರವೇಶದ ಊಟ ಮುಗಿಸಿ
ಆಸೆಯಿಂದ ಇಣುಕಿದೆ:
ಅಕ್ಕಿಮೂಟೆ, ಮಡಚಿದ ಮಂಚ, ಒಂದು ತೊಟ್ಟಿಲು.

ನಾನೋ, ಮಂಚದ ತುದಿಯಲ್ಲಿ, ಊಟದ ಮೇಜಿನಲ್ಲಿ,
ಸಾರು ಸಿಡಿಯುವ ಕಟ್ಟೆಯ ಪಕ್ಕ,
ಎಲ್ಲೂ ಇಲ್ಲದಿದ್ದರೆ ತೊಡೆಯ ಮೇಲೆ.
ಕುಕ್ಕರು ಮೂರನೇ ಸಲ ಕೂಗಿದಾಗ ಎದ್ದು ಹೋದವಳು
ವಾಪಸು ಬಂದು ಒಂದಡಿ ತಪ್ಪಿದೆ.
ಕಾಟೀಹಳ್ಳಿಯಲ್ಲಿ ಆ ಪಾಯ ಒಡೆಸಿದ ಖರ್ಚು
ನನ್ನ ಎರಡು ತಿಂಗಳು.
ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು.
ಮಾರನೆಯ ದಿನ ಗುಜರಿಗೆ ಹೋದದ್ದು.

ಕೋಲ್ಡ್ ಸ್ಟೋರೇಜಿನಿಂದ ರುದ್ರೇಶ ತಂದ ಕ್ರೇಟುಗಳು ಆರು,
ಒಂದರಲ್ಲಿ ಇನ್ನೂ ಮೊಳಕೆಯೊಡೆದ ಆಲೂಗಡ್ಡೆ.
ಟೀವಿಗೂ ಕಿಟಕಿಗೂ ನಡುವೆ ಜೋಡಿಸಿ
ಬಾಗಿಲನ್ನು ಮಲಗಿಸಿದೆವು.
ಮಗಳು ಗೋಲಿ ಇಟ್ಟಳು. ಬಚ್ಚಲ ಕಡೆಗೆ ಉರುಳಿತು.
ಹಳೆಯ ನಕ್ಷೆಯೊಂದನ್ನು ಎಂಟು ಮಡಿಕೆ ಮಡಚಿ
ಕ್ರೇಟಿನಡಿಗೆ ತುರುಕಿದೆ; ಗೋಲಿ ನಿಂತಿತು.
ಬೀಗದ ತೂತಲ್ಲಿ ವೈರು ಇಳಿಬಿಟ್ಟೆ.
ಕರೆಂಟು ಹೋದರೆ ಹತ್ತು ನಿಮಿಷ ಅರಚುವ ಪೆಟ್ಟಿಗೆ
ಕಾಲಬುಡದಲ್ಲಿ, ಸಾಕಿದ ಪ್ರಾಣಿಯ ಹಾಗೆ.
ಎಡಗೈ ಮಣಿಕಟ್ಟಿನ ಕೆಳಗೆ ಸದಾ ನಾಲ್ಕು.
ಈ ನಂಬರು ಕೇಳಿ ಬೀಗದ ಕೈ ಇಸಕೊಂಡವರೆಲ್ಲ
ಬಾಗಿಲು ಹಾಕಿಕೊಂಡು ಏನು ಮಾಡಿದರೋ.

ಮಲಗಿದ ಬಾಗಿಲನ್ನು ಹಾಕಿಕೊಳ್ಳಲು ಬರುವುದಿಲ್ಲ.
'ಮನೇಲೇ ಇರ್ತೀಯಲ್ಲ ದಾಕ್ಷಾಯಿಣಿ,'
ಎದುರುಮನೆಯ ಸಿಲಿಂಡರು, ಮೇಲ್ಮನೆಯ ಕೊರಿಯರು,
ಯಾರದೋ ಬೀಗದ ಕೈ, ಯಾರದೋ ಮಗು.
ಹತ್ತರಿಂದ ಒಂದು ಗಂಟೆ ಮಾತಾಡಿಸಬೇಡಿ ಎಂದು
ಚೀಟಿ ಅಂಟಿಸಿದೆ. ಫ್ಯಾನಿನ ಗಾಳಿಗೆ ಬಿತ್ತು.
ಅತ್ತೆ ಅದರ ಮೇಲೇ ಅವರೆಕಾಯಿ ಹರಡಿ ಸುಲಿಯತೊಡಗಿದರು.
'ಹಸನಾದ ಜಾಗ ಕಣೇ, ಬೆಳಕು ಚೆನ್ನಾಗಿದೆ.'
ನಾನು ಏನೂ ಅನ್ನಲಿಲ್ಲ. ಪರದೆಯ ಮೇಲೆ
ಬೇರೆಯವರ ಗೋಡೆ ಎಬ್ಬಿಸುತ್ತಾ ಕೂತೆ,
ಒಂಬತ್ತಿಂಚಿನದು.

ನಿನ್ನೆ ಮಧ್ಯಾಹ್ನ ಬೆನ್ನ ಹಿಂದೆ ಬಳೆ ಸದ್ದು.
ಬಂತು, ನಿಂತಿತು, ಹೋಗಲಿಲ್ಲ.
ಆಮೇಲೆ ಬಾಗಿಲ ಅಂಚಿನ ಮೇಲೆ
ಮಡಚಿದ ಬೆರಳಿಂದ ಎರಡು ಸಲ,
ಟಕ್ ಟಕ್.
'ಯಾರು?' ಅಂದೆ, ತಿರುಗದೆ.
'ನಾನೇ ಕಣೇ. ಬರಲಾ ಒಳಗೆ?'
ಇಬ್ಬರೂ ಇದ್ದದ್ದು ಅದೇ ಹಾಲಿನಲ್ಲಿ.
'ಬನ್ನಿ.'

ಕಾಫಿ ಇಟ್ಟು ಹೋದರು.
ಅವರೆಸಿಪ್ಪೆ ಮಾತ್ರ ಇನ್ನೂ ಇಲ್ಲೇ ಇದೆ,
ನಾಲ್ಕರ ಮೇಲೆ.