ಬಚ್ಚಲದ ಪಂಕಾ

ಸುಟ್ಟಾದ ಅಂತ ಆರು ವರ್ಷ ಬಿಟ್ಟಿದ್ದ ಪಂಕಾ
ಬುಧವಾರ ತಾನಾಗೇ ಎದ್ದು ತಿರುಗ್ತು.
ಇನ್ನೂ ನಿಲ್ಲವಲ್ದು.

ಬಟನ್ ಒತ್ತಿದೆ, ಎತ್ತಿದೆ, ಬಡಿದೆ.
ಚಪ್ಪಲಿ ಮೆಟ್ಟಿ ಸ್ಟೂಲ್ ಹತ್ತಿ ಬಚ್ಚಲದ ಫ್ಯೂಜ್ ಕಿತ್ತೆ.
ಗರ್ ಅಂತದ, ತಿರುಗ್ತದ.

ಆಳಂದ ನಾಕಾದಿಂದ ಚಾಂದಪಾಶಾ ಬಂದ,
ಬಾಯಾಗ ಟೆಸ್ಟರ್ ಕಚ್ಚಿಕೊಂಡು.
ಸ್ವಿಚ್ ಬಿಚ್ಚಿದ: ಕರಕಾಗಿಲ್ಲ, ಅಂಟಿಲ್ಲ.
ಮೇನ್ ಇಳಿಸಿದ.
ಫ್ರಿಜ್ ಸುಮ್ಮನಾಯ್ತು, ಕೂಲರ್ ಕಡೀ ಹನಿ ಉದುರಿಸ್ತು,
ಕಲಬುರಗಿಯ ಮೇ ತಿಂಗಳು ಒಳಗ ಬಂದು
ಪಲ್ಲಂಗದ ಮ್ಯಾಲ ಕೂತ್ತು.
ಪಂಕಾಕ್ಕ ಮಾತ್ರ ಖಬರಿಲ್ಲ.

"ಇದು ನಿಮ್ಮ ಕರೆಂಟ್ ಅಲ್ರಿ ಬಾಯಾರ,"
ವೈರಿನ ಬೆನ್ನಿಗೆ ಬೆರಳು ಹಚ್ಚಿ ನಡೀತಾ
ಮೂಲ್ಯಾಗ ನಿಂತು ನಕ್ಕ.
"ಗ್ವಾಡಿ ದಾಟಿ ಹೋಗ್ಯಾದ."

ಆ ಗ್ವಾಡಿ ಏಳುವಾಗ ಅಣ್ಣತಮ್ಮರು
ಹಂಡೆ ಹಂಚಿಕೊಂಡ್ರು, ಒಳ್ಳು ಹಂಚಿಕೊಂಡ್ರು,
ಅಂಗಳದ ಶಹಾಬಾದ ಫರಸಿ ಎಣಿಸಿ
ಬೆಸ ಉಳಿದ ಒಂದನ್ನ ಒಡದು ಅರ್ಧರ್ಧ ಮಾಡಿದ್ರು.
ವೈರ್ ಸುಣ್ಣದ ಒಳಗಿತ್ತು,
ಯಾರ ಕಣ್ಣಿಗೂ ಬೀಳಲಿಲ್ಲ.

ಆಚೆ ಕಸ್ತೂರಬಾಯಿ, ಇಲ್ಲಾ ಅಕೀ ಮೊಮ್ಮಗ,
ಹೆಸರಿಲ್ಲದ ಒಂದು ಬಟನ್ ಒತ್ತಿರಬೇಕು.
ಮ್ಯಾಲ ನೋಡಿರಬೇಕು, ಕೆಳಗ ನೋಡಿರಬೇಕು.
ಏನೂ ಹತ್ತಲಿಲ್ಲ, ಏನೂ ತಿರುಗಲಿಲ್ಲ.
ಹಂಗೇ ಬಿಟ್ಟು ಹೋಗಿರಬೇಕು.

ಇಲ್ಲಿ ನಾಲ್ಕು ದಿನದಿಂದ
ನನ್ನ ಜಳಕದ ಹಬಿ
ಅವರ ಬಿಲ್ಲಿನಾಗ ಹೊರಗ ಹೋಗ್ಲಿಕತ್ತದ.

"ಕತ್ತರಿಸ್ಲ್ಯಾ?" ಇಕ್ಕಳ ಬಾಯಿ ತೆರದದ.

ತಡಿ, ಅಂದೆ.
ಆರು ವರ್ಷದ ಮ್ಯಾಲ ಮೊದಲ ಮಾತು
"ಅಕ್ಕ, ನಮ್ಮ ಪಂಕಾ ಬಂದ್ ಮಾಡ್ರಿ" ಅಂತ
ಹ್ಯಾಂಗ ಅನ್ನಲಿ?
ಸೆರಗಿಗೆ ಕೈ ಒರಸಿಕೊಂಡೆ.
ಚಾಂದಪಾಶಾ ನೂರು ರೂಪಾಯಿಗೆ
ಸ್ಟೂಲಿನ ಮ್ಯಾಲ ಕೂತಾನ.