ಇರುಳಾಂಕನಿಗೆ ಗೊತ್ತಿರುವುದು

ಬೈತಕೋಲದಲ್ಲಿ ದೋಣಿಗಳು ಬಾಯಿ ಕಟ್ಟಿಕೊಂಡು ನಿಂತ ಎರಡು ತಿಂಗಳು
ಐಸ್ ಕಾರ್ಖಾನೆಯ ಮಹಡಿಯಲ್ಲಿ ನಮ್ಮ ಆಟ.
ಕೆಳಗೆ ಯಂತ್ರಕ್ಕೆ ರಜೆ,
ಅಮೋನಿಯದ ವಾಸನೆ ಮಾತ್ರ ಕೆಲಸಕ್ಕೆ ಬಂದಿದೆ.
ತನುಜಾ ಬಾಂದೇಕರ ಹಳೇ ಹರಾಜಿನ ಖಾತೆಪುಸ್ತಕ ತೆರೆಯುತ್ತಾಳೆ:
ಎಡಪುಟದಲ್ಲಿ ಬಂಗಡೆ, ತಾರ್ಲೆ, ಇಸ್ವಣ, ಹೋದ ವರ್ಷದ ದರ,
ಬಲಪುಟದಲ್ಲಿ ಅವಳೇ ಕಟ್ಟಿದ ಒಂದು ರಾಜ್ಯ.

ಆ ರಾಜ್ಯದಲ್ಲಿ ನಾನು ಇರುಳಾಂಕ, ಪಂಡಿತ.
ಕತ್ತಿ ಹಿಡಿದರೆ ಕೈ ನಡುಗುತ್ತದೆ, ಅದಕ್ಕೆ ಅಂಕ ಒಂದು.
ಆದರೆ ಲಿಪಿ ನಾಲ್ಕು, ನಕ್ಷತ್ರ ಮೂರು, ವಂಶಾವಳಿ ಎರಡು,
ಸತ್ತ ಭಾಷೆ ನಾಲ್ಕು.
ಈ ಕಡೆ, ಕುರ್ಚಿಯಲ್ಲಿ, ನಾನು ಪಂಢರಿ ಗುನಗಿ,
ಐಸ್ ತೂಗುವವನು,
ಹತ್ತನೇ ಇಯತ್ತೆಯ ಕನ್ನಡದಲ್ಲಿ ಎರಡು ಸಲ ಇಪ್ಪತ್ತೊಂಬತ್ತು.

ಮಟ್ಟಗಳನ್ನು ತನುಜಾ ನೀಲಿ ಶಾಯಿಯಲ್ಲಿ ಬರೆದಿದ್ದಾಳೆ.
ಒಂದು: ಕೇಳಿ ಬಲ್ಲ.
ಎರಡು: ತಡವರಿಸಿ ಬಲ್ಲ.
ಮೂರು: ಬಲ್ಲ.
ನಾಲ್ಕು: ನಿದ್ದೆಯಲ್ಲೂ ಬಲ್ಲ.
ಐದರ ಎದುರು ಏನೂ ಇಲ್ಲ. ಕೇಳಿದರೆ,
"ಅಲ್ಲಿಗೆ ಯಾರಾದ್ರೂ ಮುಟ್ಟಲಿ, ಆಮೇಲೆ ಬರೀತೆ."

ಮೆಟ್ಟಿಲೇರುವ ಲೆಕ್ಕವೇ ನನಗೆ ವಿಚಿತ್ರ.
ಮೂರು ತೋಳ ಕೊಂದರೆ ವ್ಯಾಕರಣ ಒಂದು ಮಟ್ಟ ಮೇಲೆ.
ತೋಳದ ಹೊಟ್ಟೆಯಲ್ಲಿ ಷಷ್ಠೀ ವಿಭಕ್ತಿ ಇತ್ತೇ?
ಮಾಸ್ತರರು ಆಗಲೇ ಹೇಳಿದ್ದರೆ
ಕಾಜುಬಾಗದ ಶಾಲೆಯ ಹಿಂದೆ ನಾಯಿಗಳೇನು ಕಡಿಮೆ ಇರಲಿಲ್ಲ.

ಇಪ್ಪತ್ತು ಮುಖದ ದಾಳ ಇನಾಸ ಎರಕ ಹೊಯ್ದದ್ದು,
ದೋಣಿಯ ತೂತು ಮುಚ್ಚುವ ರಾಳದಲ್ಲಿ.
ಒಳಗೊಂದು ಗಾಳಿಗುಳ್ಳೆ ಸಿಕ್ಕಿಕೊಂಡಿದೆ; ಏಳು ಹೆಚ್ಚು ಬೀಳುತ್ತದೆ.
ಗೊತ್ತಿದ್ದೂ ಅದರಲ್ಲೇ ಆಡುತ್ತೇವೆ.

ಆ ರಾತ್ರಿ ನೆಲಮಾಳಿಗೆಯ ಬಾಗಿಲು.
ಕಲ್ಲಿನ ಮೇಲೆ ಮೂರು ಸಾಲು, ಯಾರೂ ಆಡದ ನುಡಿ.
ಎಲ್ಲರೂ ನನ್ನ ಕಡೆ ತಿರುಗಿದರು.
ಎಸೆದೆ. ಹನ್ನೊಂದು. ಲಿಪಿಯ ನಾಲ್ಕು ಸೇರಿ ಹದಿನೈದು.
"ಓದಿದಿ," ಅಂದಳು ತನುಜಾ.
"ಏನುಂಟು ಅದರಲ್ಲಿ?"
ಅವಳು ಪುಟ ತಿರುಗಿಸಿದಳು. ಇಸ್ವಣ, ಕಿಲೋಗೆ ಏಳುನೂರ ಇಪ್ಪತ್ತು.
ಮತ್ತೆ ತಿರುಗಿಸಿದಳು.
ಬರೆದಿರಲಿಲ್ಲ.
"ಓದಿದವ ನೀನು. ನೀನೇ ಹೇಳು."

ಇರುಳಾಂಕನಿಗೆ ಗೊತ್ತು.
ನನ್ನಿಂದ ಅರ್ಧ ಅಡಿ ಆಚೆ, ಪೆನ್ಸಿಲ್ಲಿನ ಗೀಟುಗಳ ಹಿಂದೆ
ಓದಿ ಮುಗಿಸಿ ನಿಂತಿದ್ದಾನೆ,
ಹೇಳಲು ಮಾತ್ರ ನನ್ನ ಬಾಯಿಯೇ ಬೇಕು ಅವನಿಗೆ.
ಟ್ಯೂಬಲೈಟು ಮಿಣುಕಿತು. ನಾನೆಂದೆ:
"ಈ ಬಾಗಿಲನ್ನು ಕೆತ್ತಿದವನು ಒಳಗಿದ್ದಾನೆ.
ಕೆತ್ತಿದ್ದು ಹೊರಗಿನಿಂದ.
ಹೇಗೆಂದು ಕೇಳಬೇಡಿ."

ಇನಾಸ ಪಟ್ಟನೆ ಬರೆದುಕೊಂಡ.
ಅವತ್ತಿನಿಂದ ಅದು ನಿಜ.
ಐದು ವಾರ ಆ ಮೂರು ಮಾತಿನ ಮೇಲೆ ನಡೆದೆವು.
ಅದಕ್ಕಾಗಿ ಇನಾಸನ ಬಿಲ್ಲುಗಾರ ಸತ್ತೂ ಹೋದ.
ಅದು ಪಂಢರಿಯ ಮಾತು ಎಂದು ಯಾರೂ ಅನ್ನಲಿಲ್ಲ.

ಆಗಸ್ಟಿನಲ್ಲಿ ದೋಣಿ ಬಿಟ್ಟವು. ಆಟ ನಿಂತಿತು.
ಕೋಡಿಬಾಗದಲ್ಲಿ ಐಸ್ ಇಳಿಸಿ ಬರುವಾಗ
ಹೊಳೆದಂಡೆಯ ಆ ಕಲ್ಲಿನ ಬಳಿ ಗಾಡಿ ನಿಲ್ಲಿಸಿದೆ:
ಪಾತಿದೋಣಿಯ ಹಗ್ಗ ಕಟ್ಟುವ ಕಲ್ಲು,
ಮೈಮೇಲೆ ಅಕ್ಷರದ ಹಾಗೆ ಏನೋ.
ಹುಟ್ಟಿದಾಗಿನಿಂದ ನೋಡಿದ್ದೇನೆ, ಓದಲೆಂದು ನೋಡಿರಲಿಲ್ಲ.
ಜೇಬಿನಲ್ಲಿ ದಾಳ ಇತ್ತು. ಸುತ್ತ ಯಾರೂ ಇರಲಿಲ್ಲ. ಎಸೆದೆ.
ಏಳು.
ಏಳಕ್ಕೆ ಪಂಢರಿಯ ಲಿಪಿ ಕೂಡಿಸಿದರೆ
ಏಳು.

ಕಲ್ಲು ಏನೂ ಹೇಳಲಿಲ್ಲ.
ಹಗ್ಗ ಸವೆಸಿದ ಕಡೆ ಬೆರಳಾಡಿಸಿದೆ: ಗುಂಡಗಿನ ಒಂದು ತಿರುವು,
ಪಕ್ಕಕ್ಕೊಂದು ಬಾಲ. 'ಮ' ಇರಬಹುದು.
ಸಿಂಪಿ ಅಂಟಿದ್ದ ಗುರುತೂ ಇರಬಹುದು.
ಐಸಿನ ಚೀಟಿಯ ಹಿಂದೆ ಅದನ್ನು ಹಾಗೇ ಇಳಿಸಿಕೊಂಡೆ
(ನಲವತ್ತು ಬ್ಲಾಕು, ಬಾಕಿ ನೂರಾ ಹತ್ತು, ಅದರ ಹಿಂದೆ).
ಜಿಲ್ಲಾ ಗ್ರಂಥಾಲಯದ ಬಾಗಿಲು ಹತ್ತಕ್ಕೆ ತೆರೆಯುತ್ತದೋ ಹನ್ನೊಂದಕ್ಕೋ,
ಯಾರನ್ನಾದರೂ ಕೇಳಬೇಕು.