ಪ್ಲಾಸ್ಟರು

ಹೊಲಿಗೆ ಯಂತ್ರದ ಹಳೇ ಬೆಲ್ಟು ಹುಡುಕಲು ಹೋಗಿ
ಅಮ್ಮನ ಮಂಚದ ಕೆಳಗೆ ಕೈಗೆ ತಗುಲಿದ್ದು
ಬಿಸ್ಕತ್ತಿನ ತಗಡಿನ ಡಬ್ಬ.
ಮುಚ್ಚಳದ ಮೇಲೆ ರಾಟರ್‌ಡ್ಯಾಮಿನ ಗಾಳಿಗಿರಣಿ,
ಅದರ ರೆಕ್ಕೆಗೆ ನಮ್ಮ ದ್ವೀಪದ ತುಕ್ಕು.
ಒಳಗೆ ನಲವತ್ತೊಂದು ಕ್ಯಾಸೆಟ್ಟು, ಮತ್ತೆ ಧೂಳು.
ಸಹಾರಾದಿಂದ ಕಡಲು ದಾಟಿ ಬರುವ ಧೂಳು
ಮುಚ್ಚಳ ಗಿಚ್ಚಳ ಕೇಳುವುದಿಲ್ಲ;
ಮಿಂದೆಲೊದಲ್ಲಿ ಅದು ಬಾಡಿಗೆ ಕೊಡದ ಒಕ್ಕಲು.

ಅರ್ಮಿಂಡು ಕ್ಷೌರದಂಗಡಿಯಿಂದ ಟೇಪ್‌ರೆಕಾರ್ಡರು ತಂದ.
ಸುದ್ದಿ ನಮ್ಮ ಓಣಿಯಲ್ಲಿ ಮೀನಿನ ವಾಸನೆಯ ಹಾಗೆ,
ಯಾರೂ ಹೇಳಬೇಕಿಲ್ಲ.
ಸಂಜೆಗೆ ತಾರಸಿ ತುಂಬಿತ್ತು.

ಜುಲ್ಮೀರಾಗೆ ಮೊರ್ನಾ ಬೇಕು, ಅದೂ ಅಗಲಿಕೆಯದು.
ಗಂಡ ಮನೆಯಲ್ಲೇ ಇದ್ದಾನೆ,
ಮೂವತ್ತು ವರ್ಷದಿಂದ ಎಲ್ಲಿಗೂ ಹೋಗಿಲ್ಲ.
"ಅದಕ್ಕೇ ಬೇಕು" ಅನ್ನುತ್ತಾಳೆ.
ಅರ್ಮಿಂಡುಗೆ ಹಾಡುವವರು ಬೇಡ, ಪಿಟೀಲು ಸಾಕು;
ದಿನವಿಡೀ ಕತ್ತರಿ ಕೆಳಗೆ ಕೂತವರ ಬಾಯಿ ಕೇಳಿದ್ದಾನೆ.
ನಿಲ್ಟನ್‌ಗೆ ಹದಿನೇಳು.
ಎರಡು ಹಾಡಿನ ನಡುವಿನ ಆ ಸುಸ್ಸೆನ್ನುವುದು ಅವನಿಗಿಷ್ಟ,
ಫೋನಿನಲ್ಲಿ ಅದು ಸಿಗುವುದಿಲ್ಲವಂತೆ.

ಅಪ್ಪ, ಬಾಲ್ತಾಸಾರ್, ಹಡಗಿನ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವನು,
ಗಂಭೀರ ಸಂಗೀತದ ಮನುಷ್ಯ ಅಂತ ಓಣಿಗೆಲ್ಲ ಹೆಸರು.
ಡಬ್ಬದಲ್ಲಿ ಏಳು ಕ್ಯಾಸೆಟ್ಟು
ಡಚ್ ಮಕ್ಕಳ ಅಕಾರ್ಡಿಯನ್ ಹಾಡು,
ಬಾತುಕೋಳಿಯಂತೆ ಕೂಗುವ ಪಲ್ಲವಿ!
ನಕ್ಕೆವು. ಆಮೇಲೆ ಇನ್ನೊಮ್ಮೆ ಹಾಕಿದೆವು.
ಮೂರನೇ ಸಲಕ್ಕೆ ಜುಲ್ಮೀರಾ ಕುಣಿಯುತ್ತಿದ್ದಳು.

ನನ್ನದೇನು ಕೇಳುತ್ತೀರಿ.
ನಾನು ಹಾಡಿಗಿಂತ ಹಾಡಿನ ಹಿಂದಿನದನ್ನು ಕೇಳುವವಳು:
ಯಾರೋ ಕುರ್ಚಿ ಎಳೆದದ್ದು,
ತಂತಿಯ ಮೇಲೆ ಜಾರಿದ ಬೆರಳು,
ಹಾಡುವವಳು ಪದಕ್ಕೆ ಮುಂಚೆ ಒಳಗೆಳೆದುಕೊಂಡ ಉಸಿರು.
ಬಟ್ಟೆಯನ್ನೂ ಹಾಗೇ ನೋಡುತ್ತೇನೆ,
ತಿರುವಿ ಹಾಕಿ, ಒಳಗಿನ ಹೊಲಿಗೆ.

ಕೊನೆಗೆ ಉಳಿದದ್ದು ಒಂದು, ಬೂದು ಬಣ್ಣದ್ದು.
ಹೆಸರಿಲ್ಲ. ಮೇಲಂಚಿನ ಎರಡೂ ಕಿವಿ ಮುರಿದಿವೆ,
ಆ ತೂತುಗಳ ಮೇಲೆ
ಗಾಯಕ್ಕೆ ಹಚ್ಚುವ ಪ್ಲಾಸ್ಟರು, ಹಳದಿಗಟ್ಟಿ.
ನನಗೆ ತಿಳಿಯಿತು. "ಅದು ಬಿಡಿ" ಅಂದೆ.
ನಿಲ್ಟನ್ ಆಗಲೇ ಒತ್ತಿದ್ದ.

ಅಪ್ಪನ ಹಡಗಿನವರು ಕಾಗದ ಬರೆಯುತ್ತಿರಲಿಲ್ಲ.
ಕ್ಯಾಸೆಟ್ಟಿಗೆ ಮಾತಾಡಿ
ಊರಿಗೆ ಹೊರಟವರ ಜೇಬಿಗೆ ಹಾಕುತ್ತಿದ್ದರು.
ಯಾರೂ ಅಳಿಸಬಾರದೆಂದೇ ಅಪ್ಪ ಕಿವಿ ಮುರಿದು ಕಳಿಸಿದ್ದ.
ಅಮ್ಮ ಕೇಳಿದ್ದಳು. ನನಗೆ ಪುರುಸೊತ್ತಿರಲಿಲ್ಲ,
ನನಗೆ ಹದಿನಾಲ್ಕು.
ಆ ಶನಿವಾರ ರೇಡಿಯೊದಲ್ಲಿ ಕಾರ್ನಿವಲ್ ಹಾಡುಗಳು,
ಖಾಲಿ ಕ್ಯಾಸೆಟ್ಟಿಗೆ ಕಾಸಿಲ್ಲ.
ಔಷಧದ ಪೆಟ್ಟಿಗೆಯಿಂದ ಪ್ಲಾಸ್ಟರು ತೆಗೆದು
ಅಳತೆಗೆ ಸರಿಯಾಗಿ ಕತ್ತರಿಸಿದೆ.
ಆಗಲೇ ನನ್ನ ಕತ್ತರಿ ಚೆನ್ನಾಗಿ ಓಡುತ್ತಿತ್ತು.

ಅರ್ಧ ಗಂಟೆ ಕಹಳೆ, ಡೋಲು, ಶಿಳ್ಳೆ.
ಒಳ್ಳೆಯ ಹಾಡುಗಳೇ.
ಈಗಲೂ ನನ್ನ ಕಾಲು ತಡೆಯಲಿಲ್ಲ,
ಅದೇ ನಾಚಿಕೆ.
ಆಮೇಲೆ ಟಕ್ಕೆಂದು ರೇಡಿಯೊ ನಿಂತಿತು,
ಸುರುಳಿ ಇನ್ನೂ ಒಂದು ಬೆರಳಷ್ಟಿತ್ತು.
ಎಂಜಿನ್ನಿನ ಗುರ್ರು. ಕೆಮ್ಮು.

"...ಮತ್ತೆ ನೀರಿನ ತೊಟ್ಟಿಯ ಮುಚ್ಚಳ,
ಅದರ ಮೇಲೆ ಕಲ್ಲಿಡು, ಗಾಳಿ ಜಾಸ್ತಿ.
ಹುಡುಗಿಗೆ ಹೇಳು, ಅವಳು ಕೇಳಿದ್ದು..."

ಅಲ್ಲಿಗೆ ಟೇಪು ಮುಗಿಯಿತು.

ಏನು ಕೇಳಿದ್ದೆ?
ಹದಿನಾಲ್ಕರವಳು ಏನೇನೋ ಕೇಳಿರುತ್ತಾಳೆ,
ಕೆಂಪು ಚಪ್ಪಲಿ, ಮಿನುಗುವ ಗುಂಡಿ, ಬಣ್ಣದ ದಾರ,
ಅಥವಾ, ದೇವರೇ,
ಖಾಲಿ ಕ್ಯಾಸೆಟ್ಟನ್ನೇ ಕೇಳಿದ್ದೆನೋ.

ಯಾರೂ ಏನೂ ಅನ್ನಲಿಲ್ಲ.
ಜುಲ್ಮೀರಾ ಎದ್ದು, ತೊಟ್ಟಿಯ ಹತ್ತಿರ ಹೋಗಿ,
ಕತ್ತಲಲ್ಲಿ ಕೈಯಾಡಿಸಿ ಬಂದಳು.
"ಕಲ್ಲಿದೆ" ಅಂದಳು.

ನಿಲ್ಟನ್ ಮತ್ತೆ ಬಾತುಕೋಳಿ ಹಾಕಿದ.